ಕರೆ ಬರುವ ತನಕ

ಡೈರಿ ಸರ್ಕಲ್ ಕಡೆಯಿಂದ ಬಂದ ಬಸ್ಸು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಮುಂದೆ ನಿಂತಾಗ ಇಳಿಯುವವರ ಕೈ ನೋಡಿದರೆ ಸಾಕು, ಯಾರು ಹೊಸಬರು, ಯಾರು ಹಳಬರು ಎಂದು ತಿಳಿಯುತ್ತದೆ. ಹೊಸಬರು ಫೈಲನ್ನು ಎದೆಗವಚಿಕೊಂಡಿರುತ್ತಾರೆ. ಹಳಬರ ಫೈಲು ಕೈಚೀಲದಲ್ಲಿ, ಬುತ್ತಿಡಬ್ಬಿಯ ಪಕ್ಕದಲ್ಲಿ.

ಅವಳ ಫೈಲೂ ಚೀಲದಲ್ಲೇ ಇತ್ತು. ಹಾವೇರಿ ಕಡೆಯ ಹುಡುಗಿ, ಇಪ್ಪತ್ನಾಲ್ಕರ ಪ್ರಾಯ. ಹಾಡ್ಕಿನ್ ಲಿಂಫೋಮಾಗೆ ಕಿಮೊ ಮುಗಿದು ಎರಡು ವರ್ಷ. ನಿನ್ನೆ ಸ್ಕ್ಯಾನ್ ಆಗಿದೆ, ಇವತ್ತು ಡಾಕ್ಟರು ರಿಪೋರ್ಟು ನೋಡಿ ಹೇಳಬೇಕು. ಬೆಂಚಿನ ತುದಿಯಲ್ಲಿ ಕೂತು ದುಪಟ್ಟಾದ ಅಂಚನ್ನು ಸುತ್ತುತ್ತಾಳೆ, ಬಿಡಿಸುತ್ತಾಳೆ, ಮತ್ತೆ ಸುತ್ತುತ್ತಾಳೆ.

"ಔಷಧಿ ನಡದಾಗ ಇಷ್ಟು ಅಂಜಿಕಿ ಇರ್ಲಿಲ್ರಿ ಅಕ್ಕಾರ. ಮುಗೀತು, ಮನಿಗೆ ಹೋಗು ಅಂದ್ರಲ್ಲ, ಆವತ್ತಿಂದ ಶುರುವಾತು."

ಈ ಮಾತನ್ನು ಅವಳ ವಯಸ್ಸಿನವರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಚಿಕಿತ್ಸೆ ನಡೆಯುವಾಗ ದಿನಕ್ಕೊಂದು ಕೆಲಸವಿರುತ್ತದೆ, ನರ್ಸು ಇರುತ್ತಾರೆ, ಸುತ್ತ ಜನ ಇರುತ್ತಾರೆ. ಮುಗಿದ ಮೇಲೆ ಮನೆಯವರು ಸಿಹಿ ಹಂಚಿ ನಿರಾಳರಾಗುತ್ತಾರೆ. ಆಗ ಇವರು ರಾತ್ರಿ ಕತ್ತಿನ ಗಂಟು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರಿಗೆ ಹೇಳುವುದೋ ಬಿಡುವುದೋ? ಕೆಲಸದ ಅರ್ಜಿಯಲ್ಲಿ ಖಾಲಿ ಉಳಿದ ಒಂದು ವರ್ಷಕ್ಕೆ ಏನೆಂದು ಬರೆಯುವುದು? ಕಿಮೊದಲ್ಲಿ ಕೊಡುವ ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧಿ. ಅದು ಸಿರೆಗೆ ಇಳಿದ ದಿನಗಳ ನೆನಪಿಗೆ ಈ ಹುಡುಗಿ ಇವತ್ತಿಗೂ ಜಾತ್ರೆಯ ಕೆಂಪು ಶರಬತ್ತು ಮುಟ್ಟುವುದಿಲ್ಲ.

"ಗಟ್ಟಿ ಮನಸ್ಸು ಮಾಡು" ಎಂದು ಎಲ್ಲರೂ ಹೇಳಿದ್ದರಂತೆ. ಗಟ್ಟಿಯಾಗಿ ಕಾಣಲೆಂದು ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಆ ಬುದ್ಧಿಮಾತು ಹೇಳುವವರ ಸಮಾಧಾನಕ್ಕೆ ಹುಟ್ಟಿದ್ದೆಂದೇ ನನಗೆ ಅನಿಸುತ್ತದೆ. ಕ್ರಿಕೆಟಿಗ ಯುವರಾಜ್ ಸಿಂಗ್ ಕತೆಯನ್ನೂ ಹೇಳುತ್ತಾರೆ: 2012ರಲ್ಲಿ ಅಮೆರಿಕದಲ್ಲಿ ಕಿಮೊ, ಅದೇ ಸೆಪ್ಟೆಂಬರಿನಲ್ಲಿ ಚೆನ್ನೈಯ ಮೈದಾನ. ಹುರುಪು ಕೊಡುವ ಕತೆಯೇ. ಆದರೆ ನಡುರಾತ್ರಿ ಎಚ್ಚರವಾದವಳಿಗೆ ಮೈದಾನ ಬಹಳ ದೂರ.

ಅವಳಿಗೆ ಆಸರೆಯಾದದ್ದು ಚಿಕ್ಕದೊಂದು ಉಪಾಯ. ಆಪ್ತಸಮಾಲೋಚಕಿ ಹೇಳಿಕೊಟ್ಟಂತೆ ಹೆದರಿಕೆಗೆಂದೇ ಸಂಜೆ ಕಾಲುಗಂಟೆ ಎತ್ತಿಟ್ಟಿದ್ದಾಳೆ. ದೀಪ ಹಚ್ಚಿದ ಮೇಲೆ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದು ಮುಚ್ಚಿಡುತ್ತಾಳೆ. "ಬ್ಯಾರೆ ಹೊತ್ತಿನ್ಯಾಗ ಬಂದ್ರ, ಸಂಜಿಕ ಬಾ ಅಂತೀನ್ರಿ. ಒಮ್ಮೊಮ್ಮೆ ಕೇಳ್ತದ, ಒಮ್ಮೊಮ್ಮೆ ಇಲ್ಲ." ಮನಸ್ಸಿನ ಈ ಕಸುವನ್ನು ಕಲಿಸಬಹುದು ಎಂಬ ನಂಬಿಕೆಯಿಂದಲೇ ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯಲ್ಲಿ ವೈದ್ಯೆ ಆಬಿ ರೋಸೆನ್‌ಬರ್ಗ್ 'ಪ್ರಿಸಂ' ಎಂಬ ತರಬೇತಿ ರೂಪಿಸಿದರು. ಉಸಿರು ಹದಕ್ಕೆ ತರುವುದು, ಕೈಗೆಟಕುವ ಗುರಿ ಇಟ್ಟುಕೊಳ್ಳುವುದು, ಕೆಟ್ಟ ಯೋಚನೆಯನ್ನು ಹಿಡಿದು ಪ್ರಶ್ನಿಸುವುದು ಅದರ ಪಾಠಗಳಲ್ಲಿ ಸೇರಿವೆ.

ಅಷ್ಟರಲ್ಲಿ ಮಾಸ್ಕ್ ಹಾಕಿದ, ಟೋಪಿಯಿಟ್ಟ ಹುಡುಗನೊಬ್ಬ ಬಂದು ಪಕ್ಕದಲ್ಲಿ ಕೂತ. ಹತ್ತೊಂಬತ್ತು ಇರಬಹುದು. ಕೈಮೇಲೆ ಕ್ಯಾನುಲಾದ ಹತ್ತಿಪಟ್ಟಿ. ಅವನಮ್ಮ ಔಷಧಿಯ ಸಾಲಿನಲ್ಲಿ ನಿಂತಿದ್ದರು. ಅವನು ಓರೆಗಣ್ಣಲ್ಲಿ ಅವಳ ಜಡೆಯನ್ನೇ ನೋಡುತ್ತಿದ್ದ.

"ನಂದೂ ಪೂರಾ ಹೋಗಿತ್ತು," ಎಂದಳು ಅವಳೇ. "ಬರೋವಾಗ ಗುಂಗುರು ಬಂತು. ನಮ್ಮವ್ವಗ ಗುರ್ತೇ ಹತ್ತಲಿಲ್ಲ."

ಅವನು ನಕ್ಕನೆಂದು ಮಾಸ್ಕಿನ ಮೇಲಿನ ಕಣ್ಣುಗಳಿಂದ ಗೊತ್ತಾಯಿತು. ಆಮೇಲೆ ತಗ್ಗಿದ ದನಿಯಲ್ಲಿ ಒಂದೊಂದೇ ಕೇಳತೊಡಗಿದ: ಬಾಯಿಹುಣ್ಣಿಗೆ ಏನು ತಿಂದಿರಿ, ಕಾಲೇಜಿಗೆ ಮತ್ತೆ ಸೇರಿಸಿಕೊಂಡರಾ, ಸ್ನೇಹಿತರು ಉಳಿದರಾ. ಅಮ್ಮನ ಮುಂದೆ ಕೇಳಲಾರದ ಪ್ರಶ್ನೆಗಳು. ಮುಂಬೈಯಲ್ಲಿ 'ಉಗಮ್' ಎಂಬ ಬಳಗವಿದೆ. ಎಳವೆಯಲ್ಲಿ ಕ್ಯಾನ್ಸರ್ ಗೆದ್ದು ಬಂದವರೇ ಕೂಡಿ ಕಟ್ಟಿಕೊಂಡದ್ದು. ಅಂಥದ್ದೊಂದು ಬಳಗ ಹೆಸರಿಲ್ಲದೆ ಈ ಬೆಂಚಿನ ಮೇಲೂ ಕೂಡಿಕೊಂಡಂತಿತ್ತು. ದುಪಟ್ಟಾ ಅವಳ ಬೆರಳಿನಿಂದ ಯಾವಾಗ ಜಾರಿತೋ ನಾನೂ ಗಮನಿಸಲಿಲ್ಲ.

ಒಳಗಿನಿಂದ ಅವಳ ಹೆಸರು ಕೇಳಿಸಿತು. ಥಟ್ಟನೆ ಎದ್ದವಳು ಒಂದು ಕ್ಷಣ ಹಾಗೇ ನಿಂತಳು. ಫೈಲನ್ನು ಹೊರತೆಗೆದು, ಚೀಲವನ್ನು ಹುಡುಗನ ಮಡಿಲಲ್ಲಿಟ್ಟು, "ಸ್ವಲ್ಪ ಹಿಡ್ಕೊಂಡಿರು ತಮ್ಮಾ, ಬಂದೆ" ಎಂದಳು.

ಅವನು ಎರಡೂ ಕೈಯಲ್ಲಿ ಚೀಲ ಹಿಡಿದು ಬಾಗಿಲ ಕಡೆಗೇ ನೋಡುತ್ತ ಕೂತ.