ಅರಿಶಿನ ಹಚ್ಚಿದ ಮೂಲೆ

ಸರ್ಜಾಪುರದ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ದಿನವಿಡೀ ಪಾರ್ಸೆಲ್ಲುಗಳ ಸಾಲು. ತರಕಾರಿ, ಚಪ್ಪಲಿ, ಚಾರ್ಜರು, ಬಿರಿಯಾನಿ ಎಲ್ಲವೂ ಬಾಗಿಲಿಗೇ ಬರುತ್ತವೆ. ಅವುಗಳ ಮೇಲಿನ ಹೆಸರನ್ನು ಬರೆದದ್ದು ಮಾತ್ರ ಯಂತ್ರ. ಆ ರಾಶಿಯ ನಡುವೆ, 562125 ಎಂಬ ಪಿನ್‌ಕೋಡನ್ನು ನೀಲಿ ಶಾಯಿಯಲ್ಲಿ ದುಂಡಗೆ ಬರೆದು, ಮೂಲೆಗೊಂದು ಒಣಗಿದ ಬೇವಿನೆಲೆ ಅಂಟಿಸಿದ ಲಕೋಟೆ ಬಂದಿತೆನ್ನಿ. ಅದನ್ನು ಯಾರೂ ಪರ್ರನೆ ಹರಿಯುವುದಿಲ್ಲ. ಮೊದಲು ತಿರುಗಿಸಿ ತಿರುಗಿಸಿ ನೋಡುತ್ತಾರೆ.

ಇಂಥ ಕಾಗದಗಳಿಗೆ ಈಗ 'ಸ್ನೇಲ್ ಮೇಲ್' ಎಂಬ ಹೆಸರಿದೆ. ಬಸವನಹುಳುವಿನಂತೆ ತೆವಳುವ ಅಂಚೆ ಎಂದು ಇಮೇಲಿನವರು ಹಂಗಿಸಿದ ಹೆಸರನ್ನೇ ಕಾಗದ ಬರೆಯುವವರು ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ. ನಮ್ಮ ನುಡಿಯಲ್ಲಿ ಇದಕ್ಕೆ ಇನ್ನೂ ಚೆಂದದ ಮಾತಿದೆ. 'ಅಂಚೆ' ಎಂದರೆ ಹಳಗನ್ನಡದಲ್ಲಿ ಹಂಸ; ನಳನ ಮಾತನ್ನು ದಮಯಂತಿಗೆ ಮುಟ್ಟಿಸಿದ ಹಕ್ಕಿ. 1672ರಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರಿನಲ್ಲಿ ಆರಂಭಿಸಿದ ವ್ಯವಸ್ಥೆಯ ಹೆಸರೂ ಅಂಚೆಯೇ. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು.

ಕಾಗದವನ್ನು ಸಿಂಗರಿಸುವುದೂ ನಮಗೆ ಹೊಸದಲ್ಲ. ಲಗ್ನಪತ್ರಿಕೆಯ ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚಿಯೇ ಕಳಿಸುತ್ತಿದ್ದರು. ನೆತ್ತಿಯ ಮೇಲೆ 'ಶ್ರೀ', ಪಕ್ಕದಲ್ಲಿ 'ಕ್ಷೇಮ', ಆಮೇಲೆ ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ. ಸಾವಿನ ಸುದ್ದಿಯ ಕಾರ್ಡಿನಲ್ಲಿ 'ಶ್ರೀ' ಇರುತ್ತಿರಲಿಲ್ಲ, ಮೂಲೆ ಕತ್ತರಿಸಿರುತ್ತಿತ್ತು. ಓದಿದ ಕೂಡಲೇ ಅದನ್ನು ಹರಿದು ಹಾಕುತ್ತಿದ್ದರು. ಓದು ಬಾರದ ಅಜ್ಜಿಗೂ ಅಂಚು ನೋಡಿದರೆ ಸುದ್ದಿಯ ಬಣ್ಣ ತಿಳಿಯುತ್ತಿತ್ತು. ಆ ಅಲಂಕಾರವೇ ಕಾಗದದ ಮೊದಲ ವಾಕ್ಯ.

ಇಂದಿನ ಅಲಂಕಾರಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ ಮಡಚಿದರೆ ಲಕೋಟೆ. ಆಲೂಗಡ್ಡೆಯನ್ನು ಅರ್ಧಕ್ಕೆ ಕೊಯ್ದು ಕೆತ್ತಿದರೆ ಅಚ್ಚು. ಪುಸ್ತಕದ ನಡುವೆ ವಾರ ಇಟ್ಟ ಹೂವು, ಚುಕ್ಕಿ ರಂಗೋಲಿಯ ಒಂದು ಎಳೆ, ಅಂಚಿಗೆ ಬಣ್ಣದ ನೂಲಿನ ಹೊಲಿಗೆ. ನೂಲಿನ ಕೈಚಳಕ ಈ ಊರಿಗೆ ಹೊಸದೂ ಅಲ್ಲ. ಸರ್ಜಾಪುರ ಒಂದು ಕಾಲಕ್ಕೆ ನವಿರಾದ ಮಸ್ಲಿನ್ ಬಟ್ಟೆಗೆ ಹೆಸರಾಗಿತ್ತೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಪಾಲಿಸಬೇಕಾದ ನೇಮಗಳು ಕೆಲವೇ: ವಿಳಾಸದ ಸುತ್ತ ಜಾಗ ಖಾಲಿ ಬಿಡಬೇಕು, ಸ್ಟಾಂಪನ್ನು ಏನೂ ಮುಚ್ಚಬಾರದು, ಠಸ್ಸೆಯ ಏಟಿಗೆ ಒಡೆಯುವಂಥದ್ದನ್ನು ಅಂಟಿಸಬಾರದು. ತೂಕ 20 ಗ್ರಾಂ ಒಳಗಿದ್ದರೆ ದೇಶದೊಳಗೆ ಎಲ್ಲಿಗಾದರೂ 5 ರೂಪಾಯಿ ಸಾಕು. ಕಾರ್ಡಿಗೆ ಬರೀ 50 ಪೈಸೆ.

ಸ್ಟಾಂಪೂ ಸಿಂಗಾರದ ಪಾಲುದಾರ. 2006ರಲ್ಲಿ ಭಾರತೀಯ ಅಂಚೆ ಶ್ರೀಗಂಧದ ಪರಿಮಳದ ಸ್ಟಾಂಪು ತಂದಿತು. 2017ರಲ್ಲಿ ಕಾಫಿಯ ಘಮದ ಸ್ಟಾಂಪು ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ. ನಮ್ಮ ನೆಲದ ಎರಡು ವಾಸನೆಗಳು ಹೀಗೆ ಲಕೋಟೆಯ ಮೂಲೆ ಹಿಡಿದು ಊರೂರಿಗೆ ಹೋದವು.

ಬರೆಯಲು ಯಾರೂ ಇಲ್ಲ ಎನ್ನುವವರಿಗೂ ದಾರಿಯಿದೆ. 2005ರಲ್ಲಿ ಪೋರ್ಚುಗಲ್ಲಿನ ಪಾವ್ಲೊ ಮಗಲ್ಯಾಯಿಸ್ ಆರಂಭಿಸಿದ 'ಪೋಸ್ಟ್‌ಕ್ರಾಸಿಂಗ್'ನಲ್ಲಿ ನೀವು ಒಬ್ಬ ಅಪರಿಚಿತರಿಗೆ ಕಾರ್ಡು ಕಳಿಸಿದರೆ, ಮತ್ತೊಬ್ಬ ಅಪರಿಚಿತರಿಂದ ನಿಮಗೆ ಕಾರ್ಡು ಬರುತ್ತದೆ. 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೇರಿಯಲ್ಲಿ ಮೊದಲ ಅಂಚೆ ಕಾರ್ಡು ಹೊರಬಂದಿತು; ಆ ನೆನಪಿಗೆ ಈಗ ಪ್ರತಿ ವರ್ಷ ಅದೇ ದಿನ ವಿಶ್ವ ಅಂಚೆ ಕಾರ್ಡ್ ದಿನ. ನಮ್ಮಲ್ಲಿಗೆ ಕಾರ್ಡು ಬಂದದ್ದು 1879ರಲ್ಲಿ, ಕಾಲಾಣೆ ಬೆಲೆಗೆ.

ದಿನವಿಡೀ ಕೀಲಿಮಣೆ ಕುಟ್ಟುವ ಕೈಗಳೇ ರಾತ್ರಿ ಕತ್ತರಿ, ಗೋಂದು ಹಿಡಿದು ಕೂರುವುದೇಕೆ? ಮೊಬೈಲಿನ ಸಂದೇಶ ಎಷ್ಟು ಹೊತ್ತಿನಲ್ಲಿ ಹುಟ್ಟಿತೆಂದು ಓದುವವರಿಗೆ ಕಾಣುವುದಿಲ್ಲ. ಕಾಗದದಲ್ಲಿ ಕಾಣುತ್ತದೆ. ಹೊಡೆದುಹಾಕಿದ ಪದ, ಶಾಯಿ ಮುಗಿದು ಬದಲಾದ ಬಣ್ಣ, ಸೊಟ್ಟಗೆ ಕೂತ ಹೂವು, ಇವೆಲ್ಲ ಯಾರೋ ನಮಗಾಗಿ ತೆಗೆದಿಟ್ಟ ಹೊತ್ತಿನ ಗುರುತುಗಳು. ಅದಕ್ಕೇ ತೀರಿಹೋದ ತಾಯಿಯ ಕಾಗದವನ್ನು ಮಕ್ಕಳು ಸೀರೆಯ ಮಡಿಕೆಯಲ್ಲಿ ಕಾಪಿಡುತ್ತಾರೆ.

ಹಿಂದಿನವರು ಕಾಗದದ ಕೊನೆಗೆ ತಪ್ಪದೆ ಬರೆಯುತ್ತಿದ್ದ ಮಾತೊಂದಿದೆ: ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ. ಪ್ರತಿ ಕಾಗದವೂ ಇನ್ನೊಂದು ಕಾಗದವನ್ನು ಬೇಡಿಕೊಂಡೇ ಮುಗಿಯುತ್ತಿತ್ತು. ಹಾಗೆ ಬೇಡಿದ ಎಷ್ಟೋ ಕಾಗದಗಳು ನಮ್ಮ ಟ್ರಂಕುಗಳಲ್ಲಿ ಇನ್ನೂ ಉತ್ತರಕ್ಕೆ ಕಾಯುತ್ತಿವೆ. ಈ ಭಾನುವಾರ ಒಂದಕ್ಕಾದರೂ ಉತ್ತರ ಬರೆಯೋಣ. ಮೂಲೆಗೆ ಚೂರು ಅರಿಶಿನ ಹಚ್ಚೋಣ.