ಯಂತ್ರಲಿಪಿಕಾರ ಮತ್ತು ಮೂಲಪ್ರತಿ: ಕಾರವಾರ–ಅಂಕೋಲೆಗಳ ಕಚೇರಿ ಬರವಣಿಗೆಯನ್ನು ಅನುಲಕ್ಷಿಸಿ ಒಂದು ವಿವೇಚನೆ

ಹಸ್ತಪ್ರತಿಗಳನ್ನು ಪರಿಶೋಧಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಲಿಪಿಕಾರನು ತನ್ನ ಎದುರಿಗಿದ್ದುದನ್ನು ಕಂಡು ಬರೆದನೋ, ಕಾಣದ ಎಡೆಯಲ್ಲಿ ಊಹಿಸಿ ಬರೆದನೋ? ಗ್ರಂಥಸಂಪಾದನೆಯ ನಿಯಮಗಳು ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ ಬೆಳೆದಿವೆ. ತಾಡಪತ್ರದ ಕಾಲದೊಡನೆ ಈ ಪ್ರಶ್ನೆಯೂ ಮುಗಿಯಿತೆಂದು ಭಾವಿಸುವಂತಿಲ್ಲ. ಪತ್ರ ಬರೆಯುವ, ಪಟ್ಟಿ ಮಾಡುವ, ಲೆಕ್ಕವಿಡುವ ದಿನಬಳಕೆಯ ಗಣಕ ತಂತ್ರಾಂಶಗಳ ಒಳಗೇ ಇಂದು ಕೃತಕ ಬುದ್ಧಿಮತ್ತೆಯ ಸಹಾಯಕ ಯಂತ್ರವು ನೆಲೆಸಿರುವುದರಿಂದ, ಅದೇ ಪ್ರಶ್ನೆ ತಾಲ್ಲೂಕು ಕಚೇರಿಯ ಕಡತದಲ್ಲಿಯೂ ಗ್ರಂಥಭಂಡಾರದ ಸೂಚಿಯಲ್ಲಿಯೂ ಮರಳಿ ತಲೆಯೆತ್ತಿದೆ.

ಈ ಯಂತ್ರಸಹಾಯಕದ ಸ್ವರೂಪವೇನು, ಅದಕ್ಕೆ ಯಾವ ಕೆಲಸವನ್ನು ಒಪ್ಪಿಸಬಹುದು, ಯಾವುದನ್ನು ಒಪ್ಪಿಸಲಾಗದು ಎಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲೆಗಳ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪ್ರದೇಶವನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಕಡತಗಳ ಭಾಷೆ ಕನ್ನಡ, ಅನೇಕರ ಮನೆಮಾತು ಕೊಂಕಣಿ, ಕೈಗಾ ಅಣುವಿದ್ಯುತ್ ಸ್ಥಾವರ, ಅರಗಾದ ನೌಕಾನೆಲೆ ಮೊದಲಾದ ಕೇಂದ್ರ ಸಂಸ್ಥೆಗಳ ಪತ್ರವ್ಯವಹಾರದಲ್ಲಿ ಇಂಗ್ಲಿಷ್. ಹೀಗೆ ಹೆಸರೊಂದು ಭಾಷೆಯಿಂದ ಭಾಷೆಗೆ, ಲಿಪಿಯಿಂದ ಲಿಪಿಗೆ ದಾಟುವ ಸಂದರ್ಭಗಳು ಅಲ್ಲಿ ಹೆಚ್ಚು. ಎರಡನೆಯದಾಗಿ, ಕನ್ನಡ ಭಾಷೆಗೆ ಸಂಸ್ಕೃತದಲ್ಲಿ ಸವಿಸ್ತಾರವಾದ ವ್ಯಾಕರಣವನ್ನು ರಚಿಸಿದ ಭಟ್ಟಾಕಲಂಕನ ನೆನಪು ಅದೇ ಜಿಲ್ಲೆಯೊಡನೆ ಹೆಣೆದುಕೊಂಡಿದೆ. ಅವನ ಹೆಸರೇ ಈ ಚರ್ಚೆಗೆ ಮುಖ್ಯವಾದ ಉದಾಹರಣೆಯಾಗುವುದನ್ನು ಮುಂದೆ ಕಾಣಬಹುದು.

1. ಯಂತ್ರಸಹಾಯಕದ ಆಗಮನ

ಸಂಭಾಷಣೆಯ ರೂಪದಲ್ಲಿ ಉತ್ತರಿಸುವ ‘ಚಾಟ್‌ಜಿಪಿಟಿ’ 2022ರ ನವೆಂಬರ್ 30ರಂದು ಸಾರ್ವಜನಿಕರಿಗೆ ದೊರೆಯಿತು. ಅದನ್ನು ಬಳಸಲು ಪ್ರತ್ಯೇಕ ತಾಣಕ್ಕೆ ಹೋಗಬೇಕಾಗಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯು 2023ರ ಮಾರ್ಚ್ 16ರಂದು ‘ಕೋಪೈಲಟ್’ ಎಂಬ ಸಹಾಯಕವನ್ನು ವರ್ಡ್, ಎಕ್ಸೆಲ್, ಔಟ್‌ಲುಕ್ ಮುಂತಾದ ತನ್ನ ಕಚೇರಿ ತಂತ್ರಾಂಶಗಳೊಳಗೆ ಸೇರಿಸುವುದಾಗಿ ಪ್ರಕಟಿಸಿ, ಅದೇ ವರ್ಷ ನವೆಂಬರ್ 1ರಿಂದ ದೊಡ್ಡ ಸಂಸ್ಥೆಗಳಿಗೆ ಒದಗಿಸಿತು. ಗೂಗಲ್ ಸಂಸ್ಥೆಯ ಇಂತಹುದೇ ಸಹಾಯಕವು 2024ರ ಫೆಬ್ರವರಿಯಲ್ಲಿ ‘ಜೆಮಿನಿ’ ಎಂಬ ಹೆಸರನ್ನು ತಳೆಯಿತು. ಅದೇ ವರ್ಷ ಜೂನ್‌ನಲ್ಲಿ ಭಾರತದಲ್ಲಿ ಬಿಡುಗಡೆಯಾದ ಜೆಮಿನಿಯ ಮೊಬೈಲ್ ಆವೃತ್ತಿಯ ಒಂಬತ್ತು ಭಾರತೀಯ ಭಾಷೆಗಳಲ್ಲಿ ಕನ್ನಡವೂ ಒಂದು.

ಮೊದಲು ಪ್ರತ್ಯೇಕ ಬೆಲೆ ತೆತ್ತು ಪಡೆಯಬೇಕಾಗಿದ್ದ ಈ ಸೌಲಭ್ಯವನ್ನು 2025ರ ಜನವರಿಯಲ್ಲಿ ಈ ಎರಡು ಸಂಸ್ಥೆಗಳೂ ತಮ್ಮ ಅನೇಕ ಸಾಮಾನ್ಯ ಚಂದಾ ಯೋಜನೆಗಳೊಳಗೇ ಸೇರಿಸಿದುದು ಗಮನಾರ್ಹ. ಇದರ ಪರಿಣಾಮವಾಗಿ, ಬೇಡಿದವರಿಗೆ ಮಾತ್ರ ಬರುತ್ತಿದ್ದ ಸಹಾಯಕವು ಬೇಡದವರ ಪುಟದ ಅಂಚಿನಲ್ಲಿಯೂ ಕಾದು ನಿಂತಿತು. ದ್ವಿತೀಯ ದರ್ಜೆ ಸಹಾಯಕರು ಪತ್ರವನ್ನು ಬೆರಳಚ್ಚಿಸುತ್ತಿರುವಾಗಲೇ ಈ ಇನ್ನೊಂದು ಸಹಾಯಕವು ‘ಇದನ್ನು ತಿದ್ದಿಕೊಡಲೇ, ಸಂಗ್ರಹಿಸಿಕೊಡಲೇ’ ಎಂದು ಕೇಳುತ್ತದೆ. ಅದನ್ನು ಬಳಸಬೇಕೇ ಬೇಡವೇ ಎಂಬುದಕ್ಕಿಂತ, ಹೇಗೆ ಬಳಸಬೇಕು ಎಂಬುದೇ ಈಗ ವಿಚಾರಾರ್ಹವಾದ ಪ್ರಶ್ನೆ.

2. ಅದು ಬರೆಯುವ ಬಗೆ

ಈ ಯಂತ್ರವು ಅಪಾರ ಪ್ರಮಾಣದ ಪಠ್ಯಗಳಿಂದ ಶಬ್ದಗಳ ಸಾಹಚರ್ಯವನ್ನು ಕಲಿತಿದೆ. ಶಬ್ದಗಳನ್ನು ಸಣ್ಣ ತುಣುಕುಗಳಾಗಿ ಒಡೆದು, ಹಿಂದಿನ ತುಣುಕುಗಳನ್ನು ನೋಡಿ ಮುಂದೆ ಯಾವುದು ಬರುವ ಸಂಭವವಿದೆಯೆಂದು ಗಣಿಸಿ, ಒಂದೊಂದಾಗಿ ಜೋಡಿಸುತ್ತ ಹೋಗುತ್ತದೆ. ತೆರೆದಿರುವ ಕಡತವನ್ನು, ಅನುಮತಿಯಿದ್ದಲ್ಲಿ ಇತರ ಕಡತಗಳನ್ನು ಮತ್ತು ಮಿಂಚಂಚೆಗಳನ್ನು ಸಹ ಅದು ಆಧಾರವಾಗಿ ತೆಗೆದುಕೊಳ್ಳಬಲ್ಲದು. ಆದರೆ ಆಧಾರವಿದ್ದಾಗಲೂ ಇಲ್ಲದಿದ್ದಾಗಲೂ ಅದರ ವಾಕ್ಯದ ಧಾಟಿ ಒಂದೇ ಆಗಿರುವುದರಿಂದ, ಕಂಡುದು ಯಾವುದು, ಕಲ್ಪಿಸಿದುದು ಯಾವುದು ಎಂಬುದನ್ನು ಶೈಲಿಯಿಂದ ಗುರುತಿಸಲಾಗದು.

ಪ್ರತಿಯ ಕೊನೆಯಲ್ಲಿ ‘ನೋಡಿದಂತೆ ಬರೆದಿದ್ದೇನೆ, ದೋಷವಿದ್ದರೆ ಅದು ನನ್ನದಲ್ಲ’ ಎಂಬ ಅರ್ಥದ ಮಾತನ್ನು ಲಿಪಿಕಾರರು ಬರೆಯುವ ಸಂಪ್ರದಾಯ ಪಂಡಿತರಿಗೆ ವಿದಿತವೇ ಆಗಿದೆ. ಲಿಪಿಕಾರನು ತಪ್ಪಿದರೂ ಅವನಿಗೊಂದು ಆದರ್ಶಪ್ರತಿಯಿತ್ತು. ಆ ತಪ್ಪಿನ ಜಾಡನ್ನು ಹಿಡಿದು ಮೂಲದತ್ತ ನಡೆಯಬಹುದು. ವಕಾರ ಪಕಾರಗಳು ಹೊರಳಿದ್ದರೆ, ಹ್ರಸ್ವ ದೀರ್ಘಗಳು ಬೆರೆತಿದ್ದರೆ, ಸಾಲೊಂದು ಜಾರಿದ್ದರೆ, ಆ ಸ್ಖಲನಕ್ಕೆ ಕಾರಣವಿರುತ್ತದೆ. ಯಂತ್ರದ ಊಹೆಗೆ ಅಂತಹ ಒಂದು ಆದರ್ಶಪ್ರತಿಯಿಲ್ಲ. ಅದರ ತಪ್ಪು ವಿರೂಪವಾಗಿ ಕಾಣದೆ, ಸುಂದರವಾಗಿ, ಸುಸಂಬದ್ಧವಾಗಿ ಬಂದು ನಿಲ್ಲುತ್ತದೆ. ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ಜ್ಞಾನದ ಕ್ರಮವನ್ನು ಅನುಸರಿಸಿ ಹೇಳುವುದಾದರೆ, ಈ ಯಂತ್ರದ ಉತ್ತರದಲ್ಲಿ ಅವಾಯದ ಭಾಷೆಯಿದೆ, ಆದರೆ ಅದಕ್ಕೆ ಈಹೆಯ ಬೆಂಬಲವಿದೆಯೆಂಬ ಭರವಸೆಯಿಲ್ಲ. ಆ ಈಹೆಯನ್ನು ಬಳಸುವವನೇ ಮಾಡಬೇಕಾಗುತ್ತದೆ.

3. ಅಕ್ಷರಗಳ ತೊಡಕು

ಕನ್ನಡ ಕಚೇರಿಗಳಲ್ಲಿ ಇನ್ನೊಂದು ವಿಶೇಷ ತೊಡಕು ಇದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವು ರಾಜ್ಯದ ಆಡಳಿತದಲ್ಲಿ ಕನ್ನಡವನ್ನು ನೆಲೆಗೊಳಿಸುವಲ್ಲಿ ಮಾಡಿದ ಉಪಕಾರ ದೊಡ್ಡದು. ಆದರೆ ಅದರ ಹಳೆಯ ಕ್ರಮದಲ್ಲಿ ಸಿದ್ಧವಾದ ಕಡತಗಳಲ್ಲಿ ಗಣಕದ ಸ್ಮೃತಿಯೊಳಗೆ ಇರುವುದು ಕನ್ನಡ ಅಕ್ಷರಗಳ ಸಂಕೇತಗಳಲ್ಲ, ರೋಮನ್ ಮತ್ತು ಚಿಹ್ನಾಯುಕ್ತ ಅಕ್ಷರಗಳ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕಾರವನ್ನು ತೊಡಿಸುವುದು ಅಕ್ಷರವಿನ್ಯಾಸದ ಕಡತ ಮಾತ್ರ. ಆ ಉಡುಪನ್ನು ಕಳಚಿದರೆ ಉಳಿಯುವುದು ಅರ್ಥವಿಲ್ಲದ ಒಂದು ಸಾಲು. ಯಂತ್ರಸಹಾಯಕವು ಓದುವುದು ಉಡುಪನ್ನಲ್ಲ, ಒಳಗಿನ ಸಂಕೇತವನ್ನು. ಆದುದರಿಂದ ಇಂತಹ ಕಡತದ ಸಾರಾಂಶವನ್ನು ಕೇಳಿದಾಗ ಅದು ಓದಲಾಗದೆಂದು ಹೇಳಬಹುದು, ಇಲ್ಲವೇ ಓದಿದವರಂತೆ ಏನನ್ನಾದರೂ ಬರೆದುಕೊಡಬಹುದು. ಎರಡನೆಯದು ಹೆಚ್ಚು ಅಪಾಯಕರ. ಹಳೆಯ ಕಡತಗಳನ್ನು ಮೊದಲು ಯುನಿಕೋಡ್ ಕ್ರಮಕ್ಕೆ ಪರಿವರ್ತಿಸಿ, ಪರಿವರ್ತಿತ ಪ್ರತಿಯನ್ನು ಮೂಲದೊಡನೆ ತಾಳೆ ನೋಡಿದ ಮೇಲೆಯೇ ಯಂತ್ರದ ಮುಂದಿಡುವುದು ಉಚಿತ.

1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡ್‌ನಲ್ಲಿ ಕನ್ನಡ ಸೇರಿದೆ. ಆದರೆ ಆ ಪಟ್ಟಿಯಲ್ಲಿ ಹಳಗನ್ನಡದ ೞಕಾರಕ್ಕೆ ‘ಫಾ’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಪರ್ಯಾಯನಾಮವಾಗಿ ಪಕ್ಕದಲ್ಲಿ ನಿಂತಿದೆ. ಪ್ರಮಾಣವೆಂದು ಅಂಗೀಕೃತವಾದ ಪಟ್ಟಿಯಲ್ಲಿ ಒಮ್ಮೆ ನುಸುಳಿದ ತಪ್ಪು ಎಷ್ಟು ದೀರ್ಘಾಯುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಗ್ರಂಥಸೂಚಿಗೂ ಭೂದಾಖಲೆಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

4. ಸಮಾನನಾಮಗಳು

ಅಂಕೋಲೆಯ ಸುತ್ತಮುತ್ತ ‘ನಾಯಕ’ ಮತ್ತು ‘ನಾಯ್ಕ’ ಎಂಬ ಎರಡು ಕುಲನಾಮಗಳು ಬಳಕೆಯಲ್ಲಿವೆ. ಅನ್ಯರ ಕಿವಿಗೆ ಇವು ಒಂದೇ ಹೆಸರಿನ ಎರಡು ಉಚ್ಚಾರಗಳು; ಆ ನೆಲದವರಿಗೆ ಇವು ಸಾಮಾನ್ಯವಾಗಿ ಬೇರೆ ಬೇರೆ ಸಮುದಾಯಗಳ ಗುರುತು. ಇಂಗ್ಲಿಷ್ ಪತ್ರದಲ್ಲಿ ಈ ಭೇದ ಮಸುಕಾಗುವುದುಂಟು. ಅಂತಹ ಪತ್ರವನ್ನು ಕನ್ನಡಿಸಲು ಯಂತ್ರಕ್ಕೆ ಒಪ್ಪಿಸಿದಾಗ, ಅದು ಎರಡರಲ್ಲಿ ಒಂದನ್ನು ಆರಿಸಲೇಬೇಕು. ಆರಿಸಿದೆನೆಂದು ತಾನಾಗಿ ಹೇಳುವುದೆಂಬ ಖಾತ್ರಿಯಿಲ್ಲ. ಪಹಣಿಯಲ್ಲಿ ಒಂದು ಹೆಸರು, ಪರಿಹಾರದ ಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೆ, ಅವೆರಡೂ ಒಬ್ಬನವೇ ಎಂದು ಸಾಧಿಸುವ ಭಾರ ಬೀಳುವುದು ಯಂತ್ರದ ಮೇಲಲ್ಲ, ಅರ್ಜಿದಾರನ ಮೇಲೆ. ನೌಕಾನೆಲೆಗಾಗಿ ಭೂಮಿಯನ್ನು ಬಿಟ್ಟುಕೊಟ್ಟ ಕುಟುಂಬಗಳಿರುವ ಈ ಕರಾವಳಿಯಲ್ಲಿ ಹೆಸರಿನ ಒಂದು ಅಕ್ಷರಕ್ಕೂ ಬೆಲೆಯುಂಟು.

ಸ್ಥಳನಾಮಗಳ ವಿಷಯವೂ ಇಂತಹುದೇ. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲ್ಲೂಕಿನದು. ಅದೇ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ ಇನ್ನೊಂದು ಶಿರೂರು ಸಿಗುತ್ತದೆ. ಎರಡೂ ಊರುಗಳ ಸುದ್ದಿಯನ್ನು ಓದಿ ಕಲಿತ ಯಂತ್ರವು ಒಂದರ ವಿವರವನ್ನು ಇನ್ನೊಂದಕ್ಕೆ ಅಂಟಿಸಿದರೆ, ಸ್ಥಳವನ್ನು ಬಲ್ಲವರಲ್ಲದೆ ಬೇರೆಯವರು ಗುರುತಿಸಲಾರರು.

ಜೈನ ವಾಙ್ಮಯದಲ್ಲಿ ಈ ತೊಡಕಿನ ಪರಮ ಉದಾಹರಣೆ ಅಕಲಂಕನಾಮ. ‘ತತ್ತ್ವಾರ್ಥರಾಜವಾರ್ತಿಕ’, ‘ಅಷ್ಟಶತೀ’ ಮೊದಲಾದ ಕೃತಿಗಳ ಕರ್ತೃವಾದ ತಾರ್ಕಿಕ ಅಕಲಂಕದೇವನು ಎಂಟನೆಯ ಶತಮಾನದವನೆಂದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ‘ಕರ್ಣಾಟಕ ಶಬ್ದಾನುಶಾಸನ’ವನ್ನು 592 ಸೂತ್ರಗಳಲ್ಲಿ ರಚಿಸಿದ ಭಟ್ಟಾಕಲಂಕನು ಅದನ್ನು ಮುಗಿಸಿದುದು 1604ರಲ್ಲಿ, ಅವನು ಭಟ್ಕಳ ಸಮೀಪದ ಹಾಡುವಳ್ಳಿ, ಎಂದರೆ ಸಂಗೀತಪುರದ ಪರಂಪರೆಗೆ ಸೇರಿದವನು, ಅವನ ಗುರುವಿನ ಹೆಸರೂ ಅಕಲಂಕದೇವ. ಸಾಲದುದಕ್ಕೆ, ಅದೇ ಜಿಲ್ಲೆಯ ಸೋಂದಾ ಜೈನ ಮಠದ ಭಟ್ಟಾರಕರ ಪೀಠನಾಮವೂ ಭಟ್ಟಾಕಲಂಕ. ಸೂಚಿಯ ಒಂದು ಸಾಲಿನಲ್ಲಿ ‘ಅಕಲಂಕಕೃತ’ ಎಂದಷ್ಟೇ ಇರುವಾಗ ‘ಕರ್ತೃವಿನ ಕಾಲವನ್ನು ತುಂಬು’ ಎಂದು ಯಂತ್ರಕ್ಕೆ ಹೇಳಿದರೆ, ಹೆಚ್ಚು ಪ್ರಸಿದ್ಧನಾದ ಅಕಲಂಕನ ಕಾಲವೇ ಮುಂದೆ ಬರುವ ಸಂಭವ ಹೆಚ್ಚು. ಪ್ರಸಿದ್ಧಿಯು ಪ್ರಮಾಣವಲ್ಲ. ಸೂಚಿಕಾರನು ಪುಷ್ಪಿಕೆಯನ್ನು ನೋಡಿ ‘ಯಾವ ಅಕಲಂಕನೆಂದು ನಿಶ್ಚಯಿಸಿಲ್ಲ’ ಎಂದು ಬರೆದ ಖಾಲಿ ಅಂಕಣವು, ತುಂಬಿದ ತಪ್ಪು ಅಂಕಣಕ್ಕಿಂತ ನೂರು ಪಾಲು ಉಪಯುಕ್ತ.

5. ತ್ರುಟಿಯ ರಕ್ಷಣೆ

ಹುಳು ತಿಂದ, ಅಂಚು ಮುರಿದ ಗರಿಯಲ್ಲಿ ಅಕ್ಷರಗಳು ಲುಪ್ತವಾದೆಡೆ ಚುಕ್ಕಿಗಳನ್ನಿಟ್ಟು ತೋರಿಸುವುದು ಸಂಪಾದಕನ ಧರ್ಮ. ಯಂತ್ರಕ್ಕೆ ‘ಈ ಪಾಠವನ್ನು ಅಚ್ಚುಕಟ್ಟು ಮಾಡು’ ಎಂದಾಗ ಅದು ಆ ಚುಕ್ಕಿಗಳನ್ನು ಬರವಣಿಗೆಯ ದೋಷವೆಂದು ತಿಳಿದು, ಸನ್ನಿವೇಶಕ್ಕೆ ಒಪ್ಪುವ ಪದವನ್ನು ಸೇರಿಸಬಹುದು. ಱಕಾರ ೞಕಾರಗಳನ್ನು ಹೊಸಗನ್ನಡದ ರಕಾರ ಳಕಾರಗಳಿಗೆ ತಿರುಗಿಸಬಹುದು. ಪ್ರಾಸವನ್ನಾಗಲಿ ಗಣವನ್ನಾಗಲಿ ಕೆಡಿಸಬಹುದು. ಪಾಠಾಂತರದ ಸಾಮಗ್ರಿ ಹೀಗೆ ಸದ್ದಿಲ್ಲದೆ ಅಳಿಯುತ್ತದೆ. ಕಚೇರಿಯಲ್ಲಿ ಇದಕ್ಕೆ ಸಮನಾದುದು ಸಭೆಯ ನಡವಳಿ. ನಿರ್ಣಯವಾಗದೆ ಉಳಿದ ವಿಷಯವನ್ನು ಯಂತ್ರದ ಸಾರಾಂಶವು ನಿರ್ಣಯವಾದಂತೆ ಬರೆದರೆ, ಮುಂದಿನ ಸಭೆಯ ಹೊತ್ತಿಗೆ ಅದೇ ದಾಖಲೆಯಾಗಿರುತ್ತದೆ.

6. ಗೋಪ್ಯತೆ

ಯಂತ್ರಸಹಾಯಕದ ಗಣನೆ ಬಹುಮಟ್ಟಿಗೆ ನಡೆಯುವುದು ಮೇಜಿನ ಮೇಲಿನ ಗಣಕದಲ್ಲಲ್ಲ, ದೂರದ ಸೇವಾಗಣಕಗಳಲ್ಲಿ. ಕೇಂದ್ರ ಹಣಕಾಸು ಸಚಿವಾಲಯವು 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯೊಂದರಲ್ಲಿ, ಸರಕಾರಿ ದತ್ತಾಂಶದ ಗೋಪ್ಯತೆಗೆ ಅಪಾಯವಿರುವುದರಿಂದ ಕಚೇರಿಯ ಗಣಕಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್‌ಗಳಂತಹ ಸಾಧನಗಳನ್ನು ಬಳಸಬಾರದೆಂದು ತನ್ನ ನೌಕರರಿಗೆ ಸೂಚಿಸಿತು. ಅಣುಸ್ಥಾವರವೂ ನೌಕಾನೆಲೆಯೂ ನೆರೆಯಲ್ಲಿರುವ ಕಾರವಾರದಂತಹ ಪಟ್ಟಣದಲ್ಲಿ ಈ ಎಚ್ಚರಿಕೆಯ ಅರ್ಥ ಸ್ವಯಂಸ್ಪಷ್ಟ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಕೇಂದ್ರದ ಅಧಿನಿಯಮವೂ ಬಂದಿದೆ. ಸಂಸ್ಥೆಯ ಪರವಾನಗಿಯುಳ್ಳ ಖಾತೆಗೂ ನೌಕರನ ಸ್ವಂತ ಖಾತೆಗೂ ನಿಬಂಧನೆಗಳು ಬೇರೆಯೆಂಬುದನ್ನು ನೆನಪಿಡಬೇಕು. ಮಠಗಳೂ ಮನೆತನಗಳೂ ನಂಬಿಕೆಯಿಂದ ಒಪ್ಪಿಸಿದ ಅಪ್ರಕಟಿತ ಹಸ್ತಪ್ರತಿಗಳ ಪಾಠಕ್ಕೂ ಇದೇ ವಿವೇಕ ಸಲ್ಲುತ್ತದೆ.

7. ಕಾರ್ಯವಿಧಾನ

ಈ ಎಲ್ಲ ಕಾರಣಗಳಿಂದ ಯಂತ್ರವನ್ನು ತ್ಯಜಿಸಬೇಕೆಂದು ಅರ್ಥವಲ್ಲ. ವಾಡಿಕೆಯ ಪತ್ರದ ಮೊದಲ ಕರಡು, ದೀರ್ಘವಾದ ಸುತ್ತೋಲೆಯ ಸಂಗ್ರಹ, ಗರಿಗಳ ಸಂಖ್ಯೆಯ ಮೊತ್ತಕ್ಕೆ ಬೇಕಾದ ಎಕ್ಸೆಲ್ ಸೂತ್ರ, ಸೂಚಿಯನ್ನು ವಿಷಯಾನುಕ್ರಮದಲ್ಲಿ ಜೋಡಿಸುವುದು, ಒಂದೇ ಗ್ರಂಥವು ಎರಡು ಬಾರಿ ನಮೂದಾಗಿರುವುದನ್ನು ಹುಡುಕುವುದು ಇವೆಲ್ಲ ಅದಕ್ಕೆ ಒಪ್ಪಿಸಬಹುದಾದ ಕೆಲಸಗಳು; ಇವುಗಳ ಫಲವನ್ನು ಬೇಗ ಪರೀಕ್ಷಿಸಬಹುದು. ಪರೀಕ್ಷಿಸಲು ಮೂಲವನ್ನೇ ಮತ್ತೆ ಆದ್ಯಂತ ಓದಬೇಕಾದ ಕೆಲಸದಲ್ಲಿ ಯಂತ್ರದಿಂದ ಶ್ರಮ ಉಳಿಯುವುದಿಲ್ಲ.

ಅನುಸರಿಸಬಹುದಾದ ನಿಯಮಗಳು ನಾಲ್ಕು. ಮೂಲಕಡತವನ್ನು ಮುಟ್ಟದೆ, ಅದರ ಪ್ರತ್ಯೇಕ ಪ್ರತಿಯ ಮೇಲೆಯೇ ಯಂತ್ರದಿಂದ ಕೆಲಸ ಮಾಡಿಸಬೇಕು. ವ್ಯಕ್ತಿನಾಮ, ಸ್ಥಳನಾಮ, ತಿಥಿ, ಸಂಖ್ಯೆಗಳನ್ನು ಒಂದೊಂದಾಗಿ ಮೂಲದೊಡನೆ ತಾಳೆ ನೋಡಬೇಕು. ಖಾಲಿಯಿರುವುದನ್ನು ಖಾಲಿಯಾಗಿಯೇ ಬಿಡುವಂತೆ ಮೊದಲೇ ಆಜ್ಞಾಪಿಸಿ, ಬಿಟ್ಟಿದೆಯೇ ಎಂದು ಕೊನೆಗೆ ನೋಡಬೇಕು. ಯಂತ್ರದ ನೆರವಿನಿಂದ ಸಿದ್ಧವಾದ ಭಾಗ ಯಾವುದು, ತಾಳೆ ನೋಡಿದವರು ಯಾರು, ಎಂದು ನೋಡಿದರು ಎಂಬುದನ್ನು ಕಡತದ ಕೊನೆಯಲ್ಲಿ ದಾಖಲಿಸಬೇಕು. ಕೊನೆಯದು ಹೊಸ ನಿಯಮವೇನಲ್ಲ. ಅದು ಹಳೆಯ ಪುಷ್ಪಿಕೆಯೇ.

ಒಟ್ಟಿನಲ್ಲಿ, ಯಂತ್ರಸಹಾಯಕವು ವೇಗವಾದ ಲಿಪಿಕಾರನಾಗಬಲ್ಲದು, ಪಂಡಿತನ ಸ್ಥಾನವನ್ನು ತುಂಬಲಾರದು. ಪ್ರತಿಗೆ ಸಹಿ ಹಾಕುವವನು ತಹಶೀಲ್ದಾರನಿರಲಿ, ಗ್ರಂಥಸಂಪಾದಕನಿರಲಿ, ‘ಕಂಡಂತೆ ಇದೆ’ ಎಂದು ಹೇಳುವ ಹೊಣೆ ಅವನದೇ. ಆ ಮಾತನ್ನು ಸತ್ಯವಾಗಿ ಹೇಳಬೇಕಾದರೆ ಅವನು ಮೂಲವನ್ನು ಕಂಡಿರಬೇಕು.