ಬೆಳೆ ಕಾಯುವ ಕೋವಿ

ತೋಟಕ್ಕೂ ತೋಟಾಕ್ಕೂ ನಡುವೆ ಇರುವುದು ಒಂದೇ ದೀರ್ಘಾಕ್ಷರದ ಅಂತರ. ಆದರೆ ಮೊದಲನೆಯದನ್ನು ಕಾಯಲು ಎರಡನೆಯದನ್ನು ಕೊಳ್ಳಹೊರಟವರು ಬಹಳ ಆಲೋಚಿಸಬೇಕಾಗುತ್ತದೆ.

ಹುಮನಾಬಾದಿನ ಕಡೆಯ ನಿರ್ಣಾ ಗ್ರಾಮವನ್ನೇ ತೆಗೆದುಕೊಳ್ಳೋಣ. ಅಲ್ಲಿಯ ತೊಗರಿ, ಜೋಳದ ಹೊಲಕ್ಕೆ ಹಂದಿ ನುಗ್ಗಿತೆನ್ನಿ. “ಯಾವ ಕೋವಿ ಒಳ್ಳೆಯದು?” ಎಂದು ರೈತ ಕೇಳುತ್ತಾನೆ. ಅದಕ್ಕೂ ಮೊದಲು ಕೇಳಬೇಕಾದ ಮಾತೊಂದಿದೆ: ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋದೀತು?

ಸಣ್ಣ ಪ್ರಾಣಿಗಳಿಗೆಂದೇ ಹೆಸರಾದ .22 ರೈಫಲಿನ ಸಾಮಾನ್ಯ ಗುಂಡು ಮೂರು ಗ್ರಾಂ ಕೂಡ ತೂಗುವುದಿಲ್ಲ. ಅದರ ಗುರಿಯನ್ನು ನಂಬಬಹುದಾದದ್ದು ಎಪ್ಪತ್ತು ಎಂಬತ್ತು ಗಜದವರೆಗೆ. ಅದು ಹಾರಬಲ್ಲದ್ದು ಒಂದು ಮೈಲಿಗೂ ಆಚೆ! ಬಯಲಿನಲ್ಲಿ ಅದನ್ನು ತಡೆಯಲು ಮಣ್ಣಿನ ದಿಬ್ಬವಿಲ್ಲ. ಆಚೆಯ ಹೊಲದಲ್ಲಿ ಇನ್ನೊಬ್ಬ ಕಾವಲಿಗೆ ಮಲಗಿರುತ್ತಾನೆ. ಹನ್ನೆರಡು ಬೋರಿನ ಕೋವಿಯ ಸಣ್ಣ ಚರೆಯಾದರೋ ಮುನ್ನೂರು ಗಜದೊಳಗೆ ನೆಲಕ್ಕೆ ಬೀಳುತ್ತದೆ. ಆದರೆ ಹಂದಿಗೆ ಇವೆರಡೂ ಸಾಲವು. ಗಾಯಗೊಂಡ ಹಂದಿ ಮೊದಲಿಗಿಂತ ಅಪಾಯಕಾರಿ. ಇಲಿ ಹೆಗ್ಗಣಗಳಿಗೋ, ಬೋನೇ ಸಾಕು.

ಕೋವಿಯ ಮೇಲಿನ ದುರ್ಬೀನು ನಾಲ್ಕು ಪಟ್ಟು ಹಿಗ್ಗಿಸಿ ತೋರಿಸಿದರೆ ಸಾಕು. ಶಕ್ತಿ ಹೆಚ್ಚಿದಂತೆ ನೋಟದ ವೃತ್ತ ಕಿರಿದಾಗುತ್ತದೆ. ಪಕ್ಕದಲ್ಲಿ ನಿಂತ ಎತ್ತೂ ಕಾಣದು.

ಕೋವಿಗೆ 1959ರ ಆಯುಧ ಕಾನೂನಿನಂತೆ ಪರವಾನಗಿ ಬೇಕು. ಅದಿದ್ದರೂ ಬೀದರ ಸೀಮೆಯ ಚಿಗರಿಯನ್ನು, ಎಂದರೆ ಕೃಷ್ಣಮೃಗವನ್ನು, ರೈತ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾನೂನು ಅದನ್ನು ಕಾಯುತ್ತದೆ. ಹಂದಿಗೂ ಅರಣ್ಯಾಧಿಕಾರಿಗಳ ಲಿಖಿತ ಅಪ್ಪಣೆ ಬೇಕು.

ಇರುಳಿನಲ್ಲಿ ಕಾಣುವ ಆಕಾರ ಹಂದಿಯದೋ, ಚಿಗರಿಯದೋ, ನೆರೆಯವನ ಕರುವಿನದೋ ಎಂಬುದು ಖಚಿತವಾಗದೆ ಗುಂಡು ಹಾರಿಸಬಾರದು. ಹಾಳಾದ ಬೆಳೆಯನ್ನು ಮರುವರ್ಷ ಬೆಳೆಯಬಹುದು. ಹಾರಿದ ಗುಂಡನ್ನು ಮರಳಿ ಕರೆಯಲಾಗದು.